ಹೊರಗೆ ನಿಂತ ದಿನವನ್ನೂ ಬರೆಯಿರಿ

ಉತ್ತರ ಕೊಡಗಿನ ಕಾಫಿ ತೋಟದ ಲೈನ್ ಮನೆಯಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿ, ಬೆಳೆದ ಓದುಗರೊಬ್ಬರು ತಮ್ಮ ಕಾನ್ವೆಂಟ್ ಶಾಲೆಯ ನೆನಪುಗಳನ್ನು ಒಂಬತ್ತು ಪುಟ ಬರೆದು ಕಳಿಸಿದ್ದಾರೆ. ಹೆಸರು ಬೇಡ ಎಂದಿದ್ದಾರೆ. ಜೊತೆಗೊಂದು ಪ್ರಶ್ನೆ: "ಫೀಸು ಕಟ್ಟಿಲ್ಲ ಅಂತ ಒಂದು ದಿನ ನನ್ನನ್ನು ಕ್ಲಾಸಿನ ಹೊರಗೆ ನಿಲ್ಲಿಸಿದ್ದರು. ಅದನ್ನು ಬಿಟ್ಟು ಬರೆದಿದ್ದೇನೆ. ನಿಲ್ಲಿಸಿದ ಸಿಸ್ಟರೇ ನನಗೆ ಅಕ್ಷರ ಕಲಿಸಿದವರು. ಈಗ ಹೇಳಿದರೆ ಉಂಡ ಮನೆಯ ಜಂತೆ ಎಣಿಸಿದ ಹಾಗೆ ಆಗುತ್ತೆ ಅಲ್ವಾ?"

ಅಕ್ಕಾ, ನಿಮ್ಮ ಪುಟಗಳನ್ನು ಎರಡು ಸಲ ಓದಿದೆ. ಒಲೆಯ ಮೇಲೆ ಹಗ್ಗ ಕಟ್ಟಿ ಯೂನಿಫಾರ್ಮ್ ಒಣಗಿಸುತ್ತಿದ್ದುದು, ಅದರ ಹೊಗೆ ವಾಸನೆಗೆ ಪಕ್ಕದ ಹುಡುಗಿ ಸರಿದು ಕೂತದ್ದು, ಕಾಲುಚೀಲದೊಳಗೆ ಸಿಕ್ಕಿದ ಜಿಗಣೆ. ಇದನ್ನೆಲ್ಲ ಊಹಿಸಿ ಬರೆಯೋಕಾಗಲ್ಲ. ಮಳೆಗಾಲದ ಕೊಡಗಿನಲ್ಲಿ ನಡೆದು ಶಾಲೆಗೆ ಹೋದವರಿಗೆ ಮಾತ್ರ ಗೊತ್ತು.

ನಾನೂ ಅಂಥದೇ ಮನೆಯ ಮಗು. ವಿರಾಜಪೇಟೆ ಪೇಟೆಯ ಹಿಂದೆ ನಮ್ಮ ಸಾಲುಮನೆ. ಅಪ್ಪ ಮೂಟೆ ಹೊರುತ್ತಿದ್ದರು. ನಾವು ಕ್ರೈಸ್ತರಲ್ಲ. ಆದರೂ ಕಾನ್ವೆಂಟ್ ಶಾಲೆಯಲ್ಲಿ ಕಲಿತ "ನಮೋ ಮರಿಯಾ" ಪ್ರಾರ್ಥನೆ ನನಗೆ ಇವತ್ತಿಗೂ ಬಾಯಿಪಾಠ. ಕ್ರಿಸ್ಮಸ್ ಬಂದರೆ ಗೋದಲಿಗೆ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಗೆ) ಪಾಚಿ ಕಿತ್ತು ತರುವ ಕೆಲಸ ನಮ್ಮ ಓಣಿಯ ಮಕ್ಕಳದೇ. ಆ ಶಾಲೆಯ ದಿನಗಳ ಮೇಲೆ ನನಗೆ ತುಂಬಾ ಪ್ರೀತಿ ಇದೆ. ಆ ಪ್ರೀತಿಯಿಂದಲೇ ಹೇಳುತ್ತೇನೆ, ಹೊರಗೆ ನಿಂತ ದಿನವನ್ನು ಬಿಡಬೇಡಿ.

ಅದು ಯಾವ ತಿಂಗಳು ಅಂತ ನೆನಪು ಮಾಡಿಕೊಳ್ಳಿ. ನನ್ನ ಲೆಕ್ಕದಲ್ಲಿ ಜೂನ್ ಅಥವಾ ಜುಲೈ. ತೋಟದಲ್ಲಿ ಕೈಗೆ ನಾಲ್ಕು ಕಾಸು ಜಾಸ್ತಿ ಸಿಗುವುದು ಕಾಫಿ ಕುಯ್ಲಲ್ಲಿ. ಅರೇಬಿಕಾ ನವೆಂಬರ್‌ನಿಂದ, ಅದರ ಹಿಂದೆ ರೋಬಸ್ಟಾ. ಮಾರ್ಚ್ ಹೊತ್ತಿಗೆ ಎಲ್ಲ ಮುಗಿಯುತ್ತೆ. ಶಾಲೆ ತೆರೆಯುವುದು ಜೂನ್‌ನಲ್ಲಿ. ಫೀಸು, ಪುಸ್ತಕ, ಕೊಡೆ ಎಲ್ಲ ಒಟ್ಟಿಗೆ ಬರುವುದೂ ಆಗಲೇ. ಜಡಿಮಳೆಗೆ ಕೆಲಸ ತಪ್ಪಿದ ದಿನ ಕೂಲಿಯೂ ಇಲ್ಲ. ನಿಮ್ಮ ಅಮ್ಮ ಫೀಸು ಮರೆತಿರಲಿಲ್ಲ ಅಕ್ಕಾ. ಶಾಲೆಯ ಕ್ಯಾಲೆಂಡರಿಗೂ ತೋಟದ ಕ್ಯಾಲೆಂಡರಿಗೂ ತಾಳೆಯೇ ಇರಲಿಲ್ಲ. ನೀವು ಇದನ್ನು ಬರೆಯದಿದ್ದರೆ, ಓದಿದವರು ನಿಮ್ಮ ಮನೆಯವರದೇ ತಪ್ಪು ಅಂದುಕೊಳ್ಳುತ್ತಾರೆ.

ಸಿಸ್ಟರಿಗೆ ಅನ್ಯಾಯವಾಗುತ್ತೆ ಅನ್ನುವ ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಆದರೆ ಒಂದು ಮಾತು. ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚಿನ ಕಥೆ ನಿಮಗೂ ಗೊತ್ತಿರಬಹುದು. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ದೊಡ್ಡವೀರರಾಜೇಂದ್ರ ಅರಸರು 1792ರಲ್ಲಿ ಇಲ್ಲಿ ನೆಲ ಕೊಟ್ಟರು. ಬರಿಗೈಲಿ ಬಂದವರಿಗೆ ಜಾಗ ಕೊಟ್ಟಲ್ಲಿಂದ ಶುರುವಾದದ್ದು ಅದು. ಆ ಪರಂಪರೆಯಲ್ಲಿ ಬೆಳೆದ ಸಿಸ್ಟರಿಗೆ, ಬರಿಗೈಲಿ ಬಂದ ಮಗುವನ್ನು ಹೊರಗೆ ನಿಲ್ಲಿಸುವಾಗ ಮನಸ್ಸು ಹಗುರವಾಗಿತ್ತು ಅಂತ ನಾನು ನಂಬಲಾರೆ. ನೀವೇ ಬರೆದಿದ್ದೀರಲ್ಲ, ಆ ವರ್ಷ ಪೂರ್ತಿ ಅವರು ಸಂಜೆ ಕೂರಿಸಿಕೊಂಡು ನಿಮಗೆ ಕಾಪಿ ಬರೆಸಿದರು ಅಂತ. ಈಗ ಆ ಪುಟ ಸುಮ್ನೆ ಒಳ್ಳೆಯತನದ ಹಾಗೆ ಕಾಣುತ್ತದೆ. ಹೊರಗೆ ನಿಂತ ದಿನ ಅದರ ಮುಂಚೆ ಬಂದರೆ, ಅವರೂ ಪೂರ್ತಿ ಮನುಷ್ಯರಾಗಿ ಕಾಣುತ್ತಾರೆ.

ಇನ್ನೊಂದು ಕೋರಿಕೆ. ನಿಮ್ಮ ಬೆಂಚಿನಲ್ಲಿ ತಮಿಳು, ತುಳು, ಮಲಯಾಳ, ಅರೆಭಾಷೆ, ಕೊಡವ ತಕ್ಕ್ ಎಲ್ಲ ಇತ್ತು ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಅದನ್ನು ಬಿಡಿಸಿ ಬರೆಯಿರಿ. ಜಗಳ ಯಾವ ಭಾಷೆಯಲ್ಲಿ? ಗುಟ್ಟು ಯಾವುದರಲ್ಲಿ? ಇಲ್ಲಿನ ಬುಡಕಟ್ಟಿನವರಾದ ಯರವರ ಮಕ್ಕಳು ಆ ಬೆಂಚಿನಲ್ಲಿ ಇದ್ದರಾ?

ಶಾಲೆಯ ಹೆಸರು, ಸಿಸ್ಟರ ಹೆಸರು ಹಾಕುವುದಿಲ್ಲ. ಅದು ನನ್ನ ಜವಾಬ್ದಾರಿ. ಹತ್ತನೇ ಪುಟಕ್ಕೆ ಕಾಯುತ್ತಿದ್ದೇನೆ. ಆ ಸಂಜೆ ಲೈನ್ ಮನೆಗೆ ಹೋದಾಗ ಅಮ್ಮನಿಗೆ ಏನು ಹೇಳಿದಿರಿ ಅನ್ನುವುದೂ ಅದರಲ್ಲಿ ಇರಲಿ.

— ಸಂಪಾದಕ