ಎರಡು ನಾಯಿ ಕಟ್ಟಿಕೊಂಡು ಅರಿಝೋನಾ ಮರುಭೂಮಿಯಲ್ಲಿ ಚಳಿಗಾಲ

ಪ್ರಶ್ನೆ: ಮನೆ ಖಾಲಿ ಮಾಡಿ ವರ್ಷಪೂರ್ತಿ ಆರ್‌ವಿಯಲ್ಲೇ, ಅಂದರೆ ಮನೆಯಂತೆ ವಾಸಿಸಬಹುದಾದ ಗಾಡಿಯಲ್ಲೇ, ಇರಲು ಹೊರಟಿದ್ದೇವೆ. ಎರಡು ನಾಯಿಗಳಿವೆ. ಚಳಿಗಾಲವನ್ನು ಅಮೆರಿಕದ ಮರುಭೂಮಿಯಲ್ಲಿ ಕಳೆಯಬಹುದೇ? ನಾಯಿಗಳಿಗೆ ಅಲ್ಲಿ ಹೊಂದುತ್ತದೆಯೇ?

ಕಳೆಯಬಹುದು. ನಾನು, ನನ್ನ ಹೆಂಡತಿ ನಾಲ್ಕು ಚಳಿಗಾಲ ಹಾಗೆಯೇ ಕಳೆದಿದ್ದೇವೆ. 28 ಅಡಿಯ ಟ್ರೇಲರ್, ಅದನ್ನು ಎಳೆಯಲು ಒಂದು ಪಿಕಪ್, ಜೊತೆಗೆ ಕೆಂಚ ಮತ್ತು ಪುಟ್ಟಿ. ಕೆಂಚ 26 ಕೆಜಿಯ ಬೆರಕೆ ನಾಯಿ. ಪುಟ್ಟಿ ಚಿವಾವಾ ಜಾತಿಯವಳು, ಐದು ಕೆಜಿ ದಾಟುವುದಿಲ್ಲ. ನಾಯಿಗಳಿಗೂ ಹೊಂದುತ್ತದೆ. ಆದರೆ ಗಾಡಿ ಎಲ್ಲಿ ನಿಲ್ಲಿಸಬೇಕು, ಯಾವ ಹೊತ್ತಿಗೆ ಹೊರಗೆ ಬಿಡಬೇಕು, ಯಾವಾಗ ಜಾಗ ಖಾಲಿ ಮಾಡಬೇಕು ಎಂಬುದೆಲ್ಲ ಅವುಗಳ ಅನುಕೂಲ ನೋಡಿಯೇ ಆಗಬೇಕು. ಇದು ನಮಗೆ ಅರ್ಥವಾಗಲು ಎರಡು ವರ್ಷ ಹಿಡಿಯಿತು, ಅದಕ್ಕೇ ವಿವರವಾಗಿ ಬರೆಯುತ್ತಿದ್ದೇನೆ.

ನಾವು ನಿಲ್ಲುವುದು ಅರಿಝೋನಾದ ಪಶ್ಚಿಮ ಅಂಚಿನ ಕ್ವಾರ್ಟ್‌ಸೈಟ್ ಹತ್ತಿರ. ಊರಿನ ಖಾಯಂ ಜನಸಂಖ್ಯೆ ಎರಡೂವರೆ ಸಾವಿರದ ಆಸುಪಾಸು. ಜನವರಿಯಲ್ಲಿ ದೊಡ್ಡ ಆರ್‌ವಿ ಮೇಳ ನಡೆಯುವ ಹೊತ್ತಿಗೆ ಸುತ್ತಲಿನ ಬಯಲಿನಲ್ಲಿ ಎಲ್ಲಿ ನೋಡಿದರೂ ಗಾಡಿಗಳೇ. ಬಹುತೇಕ ಬಯಲು ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಎಂಬ ಕೇಂದ್ರ ಸರ್ಕಾರದ ಇಲಾಖೆಗೆ ಸೇರಿದ್ದು. ಪ್ಲೊಮೋಸಾ ರಸ್ತೆ, ಡೋಮ್ ರಾಕ್ ಕಡೆ 14 ದಿನ ಬಿಟ್ಟಿ ನಿಲ್ಲಬಹುದು, ಆಮೇಲೆ ದೂರ ಹೋಗಬೇಕು. ಇಡೀ ಚಳಿಗಾಲ ಒಂದೇ ಕಡೆ ಇರಬೇಕೆಂದರೆ ಊರಿನ ದಕ್ಷಿಣಕ್ಕೆ 11,400 ಎಕರೆಯ ಲಾ ಪೊಸಾ ಇದೆ. ಇಂಥ ದೀರ್ಘಾವಧಿ ತಂಗುದಾಣಗಳ ವ್ಯವಸ್ಥೆ 1983ರಲ್ಲಿ ಶುರುವಾಯಿತು. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಇರಲು ನಾವು ಕಟ್ಟಿದ್ದು 180 ಡಾಲರ್. ಹೊರಡುವ ಮೊದಲು ಈಗಿನ ದರ ಕೇಳಿಕೊಳ್ಳಿ. ಆ ದುಡ್ಡಿನಲ್ಲಿ ಕುಡಿಯುವ ನೀರು, ಕಸ ಹಾಕಲು ತೊಟ್ಟಿ, ಟ್ಯಾಂಕಿನ ಕೊಳೆನೀರು ಬಿಡುವ ಜಾಗ ಎಲ್ಲ ಸಿಗುತ್ತದೆ. ಕರೆಂಟ್ ಮಾತ್ರ ಇಲ್ಲ. ಜನವರಿಯಲ್ಲಿ ಹಗಲು 19 ಡಿಗ್ರಿ, ರಾತ್ರಿ 5 ಡಿಗ್ರಿ ಸೆಲ್ಸಿಯಸ್ ಆಸುಪಾಸು.

ನಾನು ಚಳ್ಳಕೆರೆ ಕಡೆಯವನು. ಮೊದಲ ದಿನ ಗಾಡಿಯಿಂದ ಇಳಿದು ಸುತ್ತ ನೋಡಿದಾಗ ಊರಿಗೇ ಬಂದಂತಾಯಿತು. ಇಲ್ಲಿನ ಮೆಸ್ಕೀಟ್ ಮರ ನಮ್ಮ ಬಳ್ಳಾರಿ ಜಾಲಿಯ ಹತ್ತಿರದ ನೆಂಟ. ಎಲೆ, ಮುಳ್ಳು, ಕಾಯಿ ಎಲ್ಲ ಅದೇ ಥರ. ವಾಶ್ ಅಂತ ಇಲ್ಲಿನವರು ಕರೆಯುವುದು ನಮ್ಮ ಒಣ ಹಳ್ಳವನ್ನೇ. ದೂರದ ಗುಡ್ಡದಲ್ಲಿ ಮಳೆಯಾದರೂ ಹಳ್ಳಕ್ಕೆ ನೀರು ಬರುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಿಕೊಡಬೇಕಿಲ್ಲ, ಹಾಗಾಗಿ ಮರಳು ಎಷ್ಟೇ ಮೆತ್ತಗಿದ್ದರೂ ಗಾಡಿಯನ್ನು ಅಲ್ಲಿ ನಿಲ್ಲಿಸಬೇಡಿ.

ಜಾಗ ಆರಿಸುವಾಗ ನಾವೀಗ ಮಾಡುವುದು ಇಷ್ಟು. ಟ್ರೇಲರ್ ಬಿಚ್ಚುವ ಮೊದಲು ಒಬ್ಬರು ಕೆಂಚನನ್ನು ಲೀಶ್‌ನಲ್ಲಿ ಹಿಡಿದುಕೊಂಡು ಸುತ್ತ ನೂರು ಹೆಜ್ಜೆ ನಡೆದು ಬರುತ್ತೇವೆ. ಅಂಗಾಲಿಗೆ ಚುಚ್ಚುವ ಚೂಪು ಕಲ್ಲು ಎಷ್ಟಿದೆ, ಪಕ್ಕದಲ್ಲಿ ಧೂಳೆಬ್ಬಿಸುವ ಗಾಡಿಗಳು ಓಡಾಡುವ ಜಾಡು ಇದೆಯೇ, ಚೋಯಾ ಇದೆಯೇ ಅಂತ ನೋಡುತ್ತೇವೆ. ಚೋಯಾ ಒಂದು ಜಾತಿಯ ಪಾಪಾಸುಕಳ್ಳಿ. ದೂರದಿಂದ ಬಿಳಿ ರೋಮ ಹೊದ್ದ ಗೊಂಬೆಯಂತೆ ಮುದ್ದಾಗಿ ಕಾಣುತ್ತದೆ. ಅದರ ತುಂಡುಗಳು ಸೋಕಿದರೆ ಸಾಕು, ಕಳಚಿ ಬರುತ್ತವೆ. ಗಿಡದ ಬುಡದಲ್ಲೂ ಉದುರಿ ಬಿದ್ದಿರುತ್ತವೆ.

ಮೊದಲ ವರ್ಷ ಡಿಸೆಂಬರ್‌ನ ಒಂದು ಸಂಜೆ ಕೆಂಚ ಅಂಥದ್ದೊಂದನ್ನು ತುಳಿದ. ಕೋಳಿಮೊಟ್ಟೆ ಗಾತ್ರದ ಉಂಡೆ ಮುಂಗಾಲಿನ ಬೆರಳ ಸಂದಿಗೆ ಕಚ್ಚಿಕೊಂಡಿತು. ನಾನು ಓಡಿ ಹೋಗುವಷ್ಟರಲ್ಲಿ ಅವನು ಬಾಯಿ ಹಾಕಿ ಕೀಳಲು ನೋಡಿದ. ಉಂಡೆ ಕಾಲು ಬಿಟ್ಟು ಕೆಳದವಡೆಗೆ ಅಂಟಿತು, ನಾಲಿಗೆಯಲ್ಲಿ ಹತ್ತಾರು ಮುಳ್ಳು. ಆ ಮುಳ್ಳುಗಳಿಗೆ ಗಾಳದ ಹಾಗೆ ಹಿಮ್ಮುಖವಾದ ಸಣ್ಣ ಕೊಕ್ಕೆಗಳಿರುತ್ತವೆ, ಎಳೆದಷ್ಟೂ ಚರ್ಮ ಜೊತೆಗೇ ಎದ್ದು ಬರುತ್ತದೆ. ನಾನು ಕೈಯಿಂದ ಕೀಳಲು ಹೋದೆ, ನನ್ನ ಬೆರಳಿಗೂ ಹತ್ತಿತು. ಪಕ್ಕದ ಗಾಡಿಯ ಅಜ್ಜಿಯೊಬ್ಬರು ಅಗಲ ಹಲ್ಲಿನ ಬಾಚಣಿಗೆ ಹಿಡಿದು ಬಂದರು. ಅದನ್ನು ಉಂಡೆ ಮತ್ತು ಚರ್ಮದ ನಡುವೆ ತೂರಿಸಿ, ಒಂದೇ ಸಲಕ್ಕೆ ಆಚೆ ಚಿಮ್ಮಿಸಿದರು. ಮುಖ ಪಕ್ಕಕ್ಕೆ ತಿರುಗಿಸು ಅಂತ ನನಗೆ ಮೊದಲೇ ಹೇಳಿದ್ದರು. ಉಳಿದ ಮುಳ್ಳುಗಳನ್ನು ಹೆಂಡತಿ ಟಾರ್ಚ್ ಹಿಡಿದರೆ ನಾನು ಇಕ್ಕಳದಿಂದ ಒಂದೊಂದಾಗಿ ಕಿತ್ತೆ. ಕೆಂಚ ನಡುಗುತ್ತಿದ್ದ, ಆದರೂ ಒಮ್ಮೆಯೂ ನನ್ನ ಕೈ ಕಚ್ಚಲಿಲ್ಲ. ಗಂಟಲ ಹತ್ತಿರದ ಎರಡು ಮುಳ್ಳು ಮಾತ್ರ ನಮ್ಮ ಕೈಗೆ ಸಿಗಲಿಲ್ಲ. ರಾತ್ರಿ ತೆರೆದಿರುವ ಪ್ರಾಣಿ ಆಸ್ಪತ್ರೆಗಾಗಿ ಫೀನಿಕ್ಸ್ ಕಡೆಗೆ ಎರಡು ಗಂಟೆ ಗಾಡಿ ಓಡಿಸಿದೆವು. ಅವತ್ತಿನಿಂದ ನನ್ನ ಜೇಬಿನಲ್ಲೊಂದು, ಪಿಕಪ್‌ನಲ್ಲೊಂದು, ಬಾಗಿಲ ಪಕ್ಕದ ಮೊಳೆಯಲ್ಲೊಂದು ಬಾಚಣಿಗೆ ಇದ್ದೇ ಇರುತ್ತದೆ.

ಪುಟ್ಟಿಯ ಅಪಾಯಗಳು ಬೇರೆ. ನಮ್ಮ ಗುಳ್ಳೆನರಿಯನ್ನು ಹೋಲುವ ಕಯೋಟಿಗಳು ಸಂಜೆಯಾದರೆ ಕೂಗಲು ಶುರು ಮಾಡುತ್ತವೆ. ಐದು ಕೆಜಿ ನಾಯಿ ಅವಕ್ಕೆ ಮೊಲವಿದ್ದಂತೆ. ರಾತ್ರಿ ದೊಡ್ಡ ಕೊಂಬಿನ ಗೂಬೆಗಳೂ ಇರುತ್ತವೆ. ಕತ್ತಲಾದ ಮೇಲೆ ಪುಟ್ಟಿ ಮೂತ್ರಕ್ಕೆ ಹೋದರೂ ಲೀಶ್ ನನ್ನ ಕೈಯಲ್ಲಿ, ಟಾರ್ಚ್ ಹೆಂಡತಿಯ ಕೈಯಲ್ಲಿ. ಬುಡಬುಡಿಕೆ ಹಾವುಗಳು ಚಳಿಗೆ ಬಿಲ ಸೇರಿರುತ್ತವೆ, ಆದರೂ ಬಿಸಿಲು ಜೋರಾದ ದಿನ ಕಲ್ಲಿನ ಮೇಲೆ ಮೈಕಾಯಿಸಲು ಬರುವುದುಂಟು.

ಯಾರೂ ಹೇಳದ ಇನ್ನೊಂದು ವಿಷಯ, ಜೇನ್ನೊಣ. ನೀರಿಲ್ಲದ ಊರಿನಲ್ಲಿ ನಾಯಿಯ ನೀರಿನ ಬಟ್ಟಲನ್ನು ಹೊರಗಿಟ್ಟರೆ ಒಂದು ಗಂಟೆಯಲ್ಲಿ ಅಂಚಿನ ಸುತ್ತ ನೊಣ ಮುತ್ತಿರುತ್ತವೆ. ಅರಿಝೋನಾದಲ್ಲಿ ಸಿಟ್ಟಿನ ಆಫ್ರಿಕನ್ ತಳಿಯ ಜೇನುಗಳೂ ಇವೆ. ಬಟ್ಟಲು ಒಳಗೇ ಇರಲಿ.

ನಮ್ಮ ಟ್ಯಾಂಕ್ 150 ಲೀಟರಿನದು, ನಾಲ್ಕು ಜೀವಕ್ಕೆ ಒಂದು ವಾರ ಎಳೆಯುತ್ತೇವೆ. ಎರಡು ಚೊಂಬಿನ ಸ್ನಾನ ಗೊತ್ತಿದ್ದವರಿಗೆ ಇದು ಕಷ್ಟವಲ್ಲ. ನಾಯಿಗಳ ನೀರಿಗೆ ಮಾತ್ರ ಕೈ ಬಿಗಿ ಹಿಡಿಯಬೇಡಿ. ಈ ಒಣ ಗಾಳಿಯಲ್ಲಿ ಬಾಯಾರಿದ್ದು ಅವಕ್ಕೇ ಗೊತ್ತಾಗುವುದಿಲ್ಲ. ಅಂಗಾಲು ಒಡೆದರೆ ರಾತ್ರಿ ಮಲಗುವಾಗ ಕೊಬ್ಬರಿ ಎಣ್ಣೆ ಸವರುತ್ತೇವೆ. ಕರೆಂಟಿಗೆ ಸೋಲಾರ್ ಸಾಕು, ಚಳಿಗಾಲದ ಸೂರ್ಯ ತಗ್ಗಿನಲ್ಲಿರುವುದರಿಂದ ಪ್ಯಾನೆಲ್‌ಗಳನ್ನು ದಕ್ಷಿಣಕ್ಕೆ ಓರೆ ಮಾಡಿಡಬೇಕು. ಗ್ಯಾಸ್ ಹೀಟರ್ ಹಚ್ಚಿದಾಗ ಕಿಟಕಿ ಚೂರು ತೆರೆದಿರಲಿ, ಕಾರ್ಬನ್ ಮೊನಾಕ್ಸೈಡ್ ಅಲಾರಂ ಕೆಲಸ ಮಾಡುತ್ತಿರಲಿ.

ಈಗ ಬಹಳ ಮುಖ್ಯವಾದದ್ದು. ಈ ನೆಲದ ಮಣ್ಣಿನಲ್ಲಿ ಕಾಕ್ಸಿಡಿಯಾಯ್ಡಿಸ್ ಎಂಬ ಶಿಲೀಂಧ್ರವಿದೆ. ಧೂಳೆದ್ದಾಗ ಅದರ ಕಣಗಳು ಉಸಿರಿನೊಂದಿಗೆ ಶ್ವಾಸಕೋಶ ಸೇರುತ್ತವೆ. ಅದರಿಂದ ಬರುವ ಕಾಯಿಲೆಗೆ ವ್ಯಾಲಿ ಫೀವರ್ ಅಂತ ಹೆಸರು. ಮನುಷ್ಯರಿಗೂ ಬರುತ್ತದೆ, ಸದಾ ನೆಲ ಮೂಸುವ, ಗುಂಡಿ ತೋಡುವ ನಾಯಿಗಳಿಗೂ ಬರುತ್ತದೆ. ಒಬ್ಬರಿಂದೊಬ್ಬರಿಗೆ ಹರಡುವುದಿಲ್ಲ. ಕಣ ಹೊಕ್ಕ ಬಹಳಷ್ಟು ನಾಯಿಗಳಿಗೆ ಏನೂ ಆಗುವುದಿಲ್ಲ. ಕೆಂಚನಿಗೆ ಆಯಿತು.

ಎರಡನೆಯ ವರ್ಷ ಏಪ್ರಿಲ್‌ನಲ್ಲಿ ಮರುಭೂಮಿ ಬಿಟ್ಟು ಉತ್ತರಕ್ಕೆ, ಮೊಂಟಾನಾಕ್ಕೆ ಹೋಗಿದ್ದೆವು. ಅಲ್ಲಿ ಅವನಿಗೆ ಒಣಕೆಮ್ಮು ಹಿಡಿಯಿತು. ಒಂದು ಪ್ರಾಣಿ ಆಸ್ಪತ್ರೆಯಲ್ಲಿ ಮಾಮೂಲಿ ನಾಯಿಕೆಮ್ಮು ಅಂದು ಆ್ಯಂಟಿಬಯಾಟಿಕ್ ಕೊಟ್ಟು ಕಳಿಸಿದರು. ಮೂರು ವಾರ ಕಳೆದರೂ ಕೆಮ್ಮು ನಿಲ್ಲಲಿಲ್ಲ, ಹಿಂಗಾಲು ಕುಂಟತೊಡಗಿತು. ಒಂದು ರಾತ್ರಿ ಬಟ್ಟಲಿಗೆ ಹಾಕಿದ ಮೊಸರನ್ನವನ್ನು ಮೂಸಿ, ನನ್ನ ಮುಖ ನೋಡಿ, ಹೋಗಿ ಮಂಚದ ಕೆಳಗೆ ಮಲಗಿಬಿಟ್ಟ. ಮೊಸರನ್ನ ಬಿಡುವ ನಾಯಿಯೇ ಅಲ್ಲ ಅವನು. ಆಮೇಲೆ ಬೇರೆ ಊರಿನ ವೈದ್ಯೆಯೊಬ್ಬರು ಮೊದಲು ಕೇಳಿದ ಪ್ರಶ್ನೆಯೇ, "ಚಳಿಗಾಲ ಎಲ್ಲಿದ್ದಿರಿ?" ರಕ್ತ ಪರೀಕ್ಷೆಯಲ್ಲಿ ಗೊತ್ತಾಯಿತು. ಶಿಲೀಂಧ್ರಕ್ಕೆ ಕೊಡುವ ಫ್ಲುಕೊನಜೋಲ್ ಮಾತ್ರೆ ಹನ್ನೊಂದು ತಿಂಗಳು ನಡೆಯಿತು.

ಮರುಭೂಮಿಯಿಂದ ದೂರದ ರಾಜ್ಯಗಳಲ್ಲಿ ವೈದ್ಯರಿಗೆ ಈ ಕಾಯಿಲೆ ತಟ್ಟನೆ ಹೊಳೆಯುವುದಿಲ್ಲ. ಲಕ್ಷಣ ಕಾಣಿಸಿಕೊಳ್ಳಲು ಮೂರು ವಾರವಾಗಬಹುದು, ಕೆಲವೊಮ್ಮೆ ಎಷ್ಟೋ ತಿಂಗಳು. ಅಷ್ಟರಲ್ಲಿ ನಮ್ಮಂಥ ಅಲೆಮಾರಿಗಳು ಎಲ್ಲೋ ಇರುತ್ತೇವೆ. ಹಾಗಾಗಿ ನಾಯಿ ಕೆಮ್ಮಿದರೆ, ಕುಂಟಿದರೆ, ಊಟ ಬಿಟ್ಟರೆ, "ಅರಿಝೋನಾದಲ್ಲಿದ್ದೆವು, ವ್ಯಾಲಿ ಫೀವರ್ ಪರೀಕ್ಷೆ ಮಾಡಿ" ಅಂತ ನೀವೇ ಬಾಯಿಬಿಟ್ಟು ಕೇಳಿ. ನಾನು ಕೇಳಲಿಲ್ಲ. ಅವನು ಅನುಭವಿಸಿದ ಆ ಮೂರು ವಾರ ನೆನೆದರೆ ಈಗಲೂ ಸಂಕಟವಾಗುತ್ತದೆ.

ಮತ್ತೆ ಯಾಕೆ ಹೋಗುತ್ತೀರಿ ಅಂತ ಬಳಗದವರು ಕೇಳುತ್ತಾರೆ. ಕೆಂಚನಿಗೀಗ ಹನ್ನೊಂದು ವರ್ಷ, ಸಂಧಿವಾತವಿದೆ. ಚಳಿ ಪ್ರದೇಶದಲ್ಲಿ ಬೆಳಿಗ್ಗೆ ಎದ್ದು ನಿಲ್ಲಲು ಒದ್ದಾಡುತ್ತಾನೆ. ಮರುಭೂಮಿಯ ಬೆಚ್ಚಗಿನ ಕಲ್ಲುನೆಲದಲ್ಲಿ ಒಂದು ಮೈಲಿ ಆರಾಮಾಗಿ ನಡೆಯುತ್ತಾನೆ. ವೈದ್ಯೆಯ ಜೊತೆ ಮಾತಾಡಿ, ಎರಡನ್ನೂ ತೂಗಿ ನೋಡಿ ಹೋಗುತ್ತಿದ್ದೇವೆ. ಕಾಯಿಲೆ ಹೆಚ್ಚಾಗಿರುವ ಫೀನಿಕ್ಸ್, ಟೂಸಾನ್ ಸುತ್ತ ತಂಗುವುದಿಲ್ಲ. ಗಾಳಿ ಎದ್ದ ದಿನ ಕಿಟಕಿ ಮುಚ್ಚಿ ಒಳಗಿರುತ್ತೇವೆ. ನೆಲ ತೋಡಲು ಬಿಡುವುದಿಲ್ಲ. ಮಾರ್ಚ್‌ನಲ್ಲಿ ಹಗಲು 30 ಡಿಗ್ರಿ ಮುಟ್ಟಿದ ವಾರವೇ ಹೊರಡುತ್ತೇವೆ. ಎಸಿ ನಡೆಸಲು ಕರೆಂಟಿಲ್ಲದ ಟ್ರೇಲರ್‌ನಲ್ಲಿ ನಾಯಿಗಳನ್ನು ಅರ್ಧ ಗಂಟೆ ಬಿಟ್ಟು ಅಂಗಡಿಗೆ ಹೋಗುವುದೂ ಆಗ ಸಾಧ್ಯವಿಲ್ಲ, ಹಾವುಗಳೂ ಬಿಲ ಬಿಟ್ಟಿರುತ್ತವೆ.

ನಿಮ್ಮ ನಾಯಿಗಳ ವಯಸ್ಸು, ಆರೋಗ್ಯದ ಬಗ್ಗೆ ನೀವು ಬರೆದಿಲ್ಲ. ಎರಡರಲ್ಲಿ ಒಂದಕ್ಕೆ ಈಗಾಗಲೇ ಶ್ವಾಸಕೋಶದ ತೊಂದರೆ ಇದ್ದರೆ, ಅಥವಾ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ನಡೆಯುತ್ತಿದ್ದರೆ, ಮರುಭೂಮಿ ಬೇಡ. ಟೆಕ್ಸಾಸ್‌ನ ಗಲ್ಫ್ ಕರಾವಳಿಗೆ, ರಾಕ್‌ಪೋರ್ಟ್ ಕಡೆಗೆ ಹೋಗಿ. ಚಳಿಗಾಲ ಅಲ್ಲೂ ಹಿತವಾಗಿರುತ್ತದೆ, ಆರ್‌ವಿಯವರು ಅಲ್ಲಿಗೂ ಬಹಳ ಜನ ಬರುತ್ತಾರೆ.