ದನ, ಆಡು, ನಾಯಿ ಸಾಕಣೆಯ ಓದು: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಈ ವರ್ಷ ಕನ್ನಡ ಮೀಡಿಯಂನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದೆ. ವಿಎಚ್‌ಎಸ್‌ಇಯಲ್ಲಿ (ವೃತ್ತಿಶಿಕ್ಷಣದ ಹೈಯರ್ ಸೆಕೆಂಡರಿ) ಪಶುಸಾಕಣೆ ಕೋರ್ಸಿಗೆ ಸೇರುವ ಆಸೆ. ಅಪ್ಪನಿಗೆ ಇಷ್ಟ ಇಲ್ಲ. "ಹಟ್ಟಿಯಲ್ಲೇ ದನ ಇದೆ, ಸೆಗಣಿ ಬಾಚಲು ಸರ್ಟಿಫಿಕೇಟ್ ಯಾಕೆ?" ಅಂತಾರೆ. ಇದಕ್ಕೆ ಸೇರಿದರೆ ಮುಂದೆ ದನದ ಡಾಕ್ಟರಾಗುವ ದಾರಿ ಮುಚ್ಚಿಹೋಗುತ್ತದಾ?
– ವಿದ್ಯಾರ್ಥಿನಿ, ಬದಿಯಡ್ಕ

ಉತ್ತರ: ಇಲ್ಲ, ಮುಚ್ಚುವುದಿಲ್ಲ. ಕೇರಳದ ವಿಎಚ್‌ಎಸ್‌ಇ ಹೈಯರ್ ಸೆಕೆಂಡರಿಗೆ ಸಮಾನ. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಇರುವ ಗುಂಪನ್ನೇ ತಗೊಳ್ಳಿ, ಸೇರುವ ದಿನವೇ ಅದನ್ನು ಖಚಿತ ಮಾಡಿಕೊಳ್ಳಿ. ಆಮೇಲೆ ನೀಟ್ ಬರೆದು ತ್ರಿಶೂರಿನ ಮಣ್ಣುತ್ತಿ ಅಥವಾ ವಯನಾಡಿನ ಪೂಕೋಡು ಪಶುವೈದ್ಯ ಕಾಲೇಜಿಗೆ ಪ್ರಯತ್ನಿಸಬಹುದು. ಇಂಟರ್ನ್‌ಶಿಪ್ ಸೇರಿ ಅದು ಐದೂವರೆ ವರ್ಷದ ಓದು. ಕರ್ನಾಟಕದ ಕಾಲೇಜುಗಳಿಗೂ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೂಲಕ ಗಡಿನಾಡು ಕನ್ನಡಿಗರಿಗೆ ಅವಕಾಶ ಇದೆ. ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯಾಗಿರಬೇಕು, ಕನ್ನಡ ಪರೀಕ್ಷೆ ಪಾಸಾಗಬೇಕು. ಕನ್ನಡ ಮೀಡಿಯಂನವರಿಗೆ ಅದೇನು ಕಷ್ಟ ಅಲ್ಲ.

ಈಗ ಅಪ್ಪನ ಮಾತು. ಅವರ ಅನುಭವ ದೊಡ್ಡದು, ಅದನ್ನು ಯಾವ ಕಾಲೇಜೂ ಕೊಡುವುದಿಲ್ಲ. ಆದರೆ ದನ ಮೇವು ಬಿಟ್ಟಿತು ಅಂತ ಗೊತ್ತಾಗುವ ಹೊತ್ತಿಗೆ ರೋಗ ಎಷ್ಟೋ ಮುಂದೆ ಹೋಗಿರುತ್ತದೆ, ಅಲ್ವಾ? ಅದಕ್ಕೂ ಮೊದಲೇ ಹಿಡಿಯುವುದನ್ನು ಈ ಓದು ಕಲಿಸುತ್ತದೆ. ಥರ್ಮಾಮೀಟರ್ ಇಟ್ಟು ನೋಡುತ್ತೀರಿ, ದನಕ್ಕೆ 101ರಿಂದ 102 ಡಿಗ್ರಿ ಫ್ಯಾರನ್‌ಹೀಟ್ ಸಾಮಾನ್ಯ. ಎಡಗಡೆ ಪಕ್ಕೆಯ ಹಿಂದಿನ ತಗ್ಗಿನಲ್ಲಿ ಮುಷ್ಟಿ ಒತ್ತಿ ಹಿಡಿದು ಹೊಟ್ಟೆಯ ಚಲನೆ ಎಣಿಸುತ್ತೀರಿ, ನಿಮಿಷಕ್ಕೆ ಒಂದೆರಡು ಸಲ ಕೈಗೆ ಸಿಗಬೇಕು. ಹಿಂಡುವ ಮೊದಲು ನಾಲ್ಕೂ ಮೊಲೆಯಿಂದ ಒಂದೆರಡು ಧಾರೆ ಕಪ್ಪು ಬಟ್ಟಲಿಗೆ ಬಿಟ್ಟು ನೋಡುತ್ತೀರಿ, ಗಡ್ಡೆ ಕಂಡರೆ ಕೆಚ್ಚಲು ಬಾವಿನ ಸಂಶಯ, ಕೆಚ್ಚಲು ಊದುವ ತನಕ ಕಾಯಬೇಕಾಗಿಲ್ಲ. ಕರು ಹಾಕಿದ ಮೊದಲ ಕೆಲವೇ ಗಂಟೆಯೊಳಗೆ ಗಿನ್ನು ಹಾಲು ಹೊಟ್ಟೆ ತುಂಬ ಕುಡಿಸಬೇಕು, ಯಾಕೆಂದರೆ ತಡವಾದಷ್ಟೂ ಅದರಲ್ಲಿರುವ ರೋಗ ತಡೆಯುವ ಅಂಶವನ್ನು ಕರುವಿನ ಕರುಳು ಹೀರಿಕೊಳ್ಳುವುದು ಕಡಿಮೆಯಾಗುತ್ತಾ ಹೋಗುತ್ತದೆ. "ಮಾಸು ಬೀಳುವ ತನಕ ಹಾಲು ಕುಡಿಸಬಾರದು" ಅಂತ ಕರುವನ್ನು ಹಸಿವಿನಲ್ಲಿಡುವ ಮನೆಗಳಿವೆ. ಅಂಥಲ್ಲಿ ನೀವು ಧೈರ್ಯವಾಗಿ, ಗೌರವದಿಂದ, ಬೇಡ ಅನ್ನಬಲ್ಲಿರಿ.

ಲೆಕ್ಕವೂ ಇದೆ. ಸೊಸೈಟಿಯಲ್ಲಿ ಹಾಲಿಗೆ ದರ ಸಿಗುವುದು ಕೊಬ್ಬು ಮತ್ತು ಕೊಬ್ಬಲ್ಲದ ಘನಾಂಶ ನೋಡಿ. ದನದ ಹಾಲಲ್ಲಿ ಕನಿಷ್ಠ 3.2 ಮತ್ತು 8.3 ಶೇಕಡಾ ಇರಬೇಕು. ಬೈಹುಲ್ಲು, ಹಸಿಹುಲ್ಲು, ಹಿಂಡಿ ಯಾವುದು ಎಷ್ಟು ಅಂತ ತೂಗಿ ಕೊಟ್ಟರೆ ಹಾಲಿನ ಚೀಟಿಯಲ್ಲೇ ವ್ಯತ್ಯಾಸ ಕಾಣುತ್ತದೆ. ಅಪ್ಪನಿಗೆ ಮೊದಲು ಆ ಚೀಟಿ ತೋರಿಸಿ.

ನಿಮಗೆ ಇನ್ನೊಂದು ಮಾತು ಹೇಳಲೇಬೇಕು. ನಿಮ್ಮ ಊರಲ್ಲೇ ಕಾಸರಗೋಡು ಗಿಡ್ಡ ತಳಿ ಉಳಿಸುವ ಸರ್ಕಾರಿ ಫಾರ್ಮ್ ಇದೆ. ಹೋಗಿ ನೋಡಿ. ಕೇರಳದಲ್ಲಿ ಈಗ ಮಿಶ್ರತಳಿ ದನಗಳೇ ಜಾಸ್ತಿ, ಹಾಲು ಕೊಡುವುದೂ ಅವೇ. ಗಿಡ್ಡ ಹಾಲು ಕಡಿಮೆ ಕೊಟ್ಟರೂ ಗುಡ್ಡದ ಹುಲ್ಲಲ್ಲೇ ಬದುಕುತ್ತದೆ, ನಮ್ಮ ಮಳೆ ಸೆಕೆ ಎರಡನ್ನೂ ತಾಳುತ್ತದೆ. ಕೋಟ್ಟಯಂ ಕಡೆಯ ವೆಚ್ಚೂರು ತಳಿ ಅಳಿದೇ ಹೋಯಿತು ಅನ್ನುವ ಸ್ಥಿತಿಗೆ ಬಂದಿತ್ತು. 90 ಸೆಂಟಿಮೀಟರ್ ಸುಮಾರಿಗೆ ನಿಲ್ಲುವ ಪುಟ್ಟ ದನ ಅದು. 1989ರಲ್ಲಿ ಮಣ್ಣುತ್ತಿಯ ಪ್ರಾಧ್ಯಾಪಕಿ ಡಾ. ಸೋಸಮ್ಮ ಐಪ್ ತಮ್ಮ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಊರೂರು ಹುಡುಕಿ, ಸಿಕ್ಕಿದ ಕೆಲವೇ ದನಗಳಿಂದ ಆ ತಳಿಯನ್ನು ಮತ್ತೆ ಬೆಳೆಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಹುಡುಕಲು ಹೋದವರು ನಿಮ್ಮಂಥ ವಿದ್ಯಾರ್ಥಿಗಳೇ. ಪಶುಸಾಕಣೆ ಓದಿದವರಿಂದ ಏನಾಗುತ್ತದೆ ಅಂತ ಯಾರಾದರೂ ಕೇಳಿದರೆ ಇದನ್ನೇ ಹೇಳಿ.

ಪ್ರಶ್ನೆ: ಮಗ ವಿಎಚ್‌ಎಸ್‌ಇ ಪಶುಸಾಕಣೆ ಕೋರ್ಸ್ ಮುಗಿಸುತ್ತಿದ್ದಾನೆ. ಊರಲ್ಲಿ ದನದ ಡಾಕ್ಟರು ಸಿಗುವುದು ಕಷ್ಟ. ಅವನೇ ಒಂದು ಕೋಣೆ ಬಾಡಿಗೆಗೆ ಹಿಡಿದು ಇಂಜೆಕ್ಷನ್ ಕೊಟ್ಟು ಜೀವನ ಮಾಡಬಹುದಾ?
– ಒಬ್ಬ ತಾಯಿ, ಮಂಜೇಶ್ವರ

ಉತ್ತರ: ಬೇಡಮ್ಮ. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆ ಪ್ರಕಾರ ಚಿಕಿತ್ಸೆ ನೋಂದಾಯಿತ ಪಶುವೈದ್ಯರ ಕೆಲಸ. ಉಳಿದವರು ಸಣ್ಣಪುಟ್ಟ ಸೇವೆ ಮಾಡಬೇಕಾದರೂ ಸರ್ಕಾರದ ಅನುಮತಿ ಬೇಕು, ಡಾಕ್ಟರ ಮೇಲ್ವಿಚಾರಣೆ ಬೇಕು. ಇದು ಸುಮ್ನೆ ಕಾಗದದ ನಿಯಮ ಅಂದುಕೊಳ್ಳಬೇಡಿ. ಅಂದಾಜಿಗೆ ಆಂಟಿಬಯೋಟಿಕ್ ಚುಚ್ಚಿದರೆ ಅದು ಹಾಲಿಗೆ ಬರುತ್ತದೆ, ಆ ಹಾಲು ಮಕ್ಕಳ ಲೋಟಕ್ಕೆ ಹೋಗುತ್ತದೆ.

ದುಡಿಯಲು ಬೇರೆ ದಾರಿ ಬೇಕಾದಷ್ಟಿದೆ. ಲೈವ್‌ಸ್ಟಾಕ್ ಇನ್‌ಸ್ಪೆಕ್ಟರ್ ಹುದ್ದೆಗೆ ಪಿಎಸ್‌ಸಿ ಕರೆದಾಗ ಅವನ ಕೋರ್ಸಿನ ಹೆಸರು ಅರ್ಹತೆಯಲ್ಲಿ ಇದೆಯಾ ಅಂತ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಲಿ. ಡೈರಿ ಫಾರ್ಮ್, ಕೋಳಿ ಫಾರ್ಮ್, ಹಾಲಿನ ಸೊಸೈಟಿ, ಮಂಗಳೂರಿನ ನಾಯಿ ಬೆಕ್ಕುಗಳ ಆಸ್ಪತ್ರೆ, ಎಲ್ಲ ಕಡೆ ಪ್ರಾಣಿಯನ್ನು ಹೆದರಿಸದೆ ಹಿಡಿಯಬಲ್ಲ, ದಾಖಲೆ ಸರಿಯಾಗಿ ಬರೆಯಬಲ್ಲ ಹುಡುಗರು ಬೇಕು. ಸ್ವಂತಕ್ಕೆ ಮಾಡುವುದಾದರೆ ನನ್ನ ಮಟ್ಟಿಗೆ ಆಡಿನಿಂದ ಶುರು ಮಾಡುವುದು ವಾಸಿ. ಗಬ್ಬ ಕಟ್ಟಿದ ಐದು ತಿಂಗಳಿಗೆ ಮರಿ ಹಾಕುತ್ತದೆ, ಬಂಡವಾಳ ಕಡಿಮೆ. ನಮ್ಮ ಮಳೆಗೆ ನೆಲದಿಂದ ಎತ್ತರಿಸಿದ ಅಟ್ಟದ ಗೂಡು ಮಾತ್ರ ಬೇಕೇ ಬೇಕು.

ಪ್ರಶ್ನೆ: ಪಶುಸಾಕಣೆ ಕೋರ್ಸಿನ ಪಾಠ ಇಂಗ್ಲಿಷು, ವಿವರಣೆ ಮಲಯಾಳ, ನಾನು ಕನ್ನಡ ಮೀಡಿಯಂ. ಹಿಂದೆ ಬೀಳುತ್ತಿದ್ದೇನೆ. ಜೊತೆಗೆ ನಾಯಿ ಕಚ್ಚುವ ಭಯ.
– ವಿದ್ಯಾರ್ಥಿ, ಮುಳ್ಳೇರಿಯ

ಉತ್ತರ: ಬೆದೆ, ಗಬ್ಬ, ಮೆಲುಕು, ಮಾಸು, ಇವೆಲ್ಲ ನಿಮಗೆ ಮನೆಯಲ್ಲೇ ಗೊತ್ತಿರುವ ಮಾತು. ನೋಟ್ಸಿನಲ್ಲಿ ಇಂಗ್ಲಿಷ್ ಪದದ ಪಕ್ಕಕ್ಕೆ ಅದನ್ನೇ ಬರೆಯಿರಿ. ಬೆದೆ ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಬೇಕು ಅನ್ನುವುದು ಕನ್ನಡದಲ್ಲಿ ಒಮ್ಮೆ ತಲೆಗೆ ಹೋದರೆ ಪರೀಕ್ಷೆಯಲ್ಲಿ ಯಾವ ಭಾಷೆಯಲ್ಲಾದರೂ ಬರೆಯುತ್ತೀರಿ. ಪ್ರಾಕ್ಟಿಕಲ್‌ನಲ್ಲಿ ಹಿಂದೆ ನಿಲ್ಲಬೇಡಿ, ಕೈ ಮುಂದೆ ಮಾಡಿ. ಅರ್ಥ ಆಗದಿದ್ದರೆ ಟೀಚರಲ್ಲಿ ಅಲ್ಲೇ ಕೇಳಿ.

ಕಚ್ಚುವ ಭಯ ಇರಬೇಕಾದದ್ದೇ, ಅದಕ್ಕೆ ಉಪಾಯವೂ ಇದೆ. ಪ್ರಾಣಿಗಳ ಜೊತೆ ಕೆಲಸ ಮಾಡುವವರು ರೇಬೀಸ್ ಲಸಿಕೆಯನ್ನು ಮೊದಲೇ ಹಾಕಿಸಿಕೊಳ್ಳಬಹುದು. ಪ್ರಾಕ್ಟಿಕಲ್ ಶುರುವಾಗುವ ಮೊದಲು ಆಸ್ಪತ್ರೆಯಲ್ಲಿ ವಿಚಾರಿಸಿ. ಕಚ್ಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ನೇರ ಆಸ್ಪತ್ರೆಗೆ. ಅರಿಶಿನ, ಮೆಣಸು ಏನೂ ಹಚ್ಚಬಾರದು. ಮೊದಲೇ ಲಸಿಕೆ ಆಗಿದ್ದರೂ ಕಚ್ಚಿದ ಮೇಲೆ ಮತ್ತೆ ಚುಚ್ಚಿಸಿಕೊಳ್ಳಲೇಬೇಕು. ದನ ಕರು ಹಾಕುವಾಗ ಅಥವಾ ಗಬ್ಬ ಕಳಚಿದಾಗ ಬರಿಗೈ ಹಾಕಬೇಡಿ, ಬ್ರುಸೆಲ್ಲಾ ರೋಗ ಮನುಷ್ಯರಿಗೂ ಬರುತ್ತದೆ. ಕಾಲೇಜಲ್ಲಿ ಗ್ಲೌಸ್ ಕೊಡದಿದ್ದರೆ ಕೇಳಿ ಪಡೆಯಿರಿ.