ಇದು ಕಾರಂಜಿ ಅಂತ ಗೊತ್ತಾಗ್ಬೇಕಲ್ವಾ?

ಹವ್ಯಾಸವೇ ನಿದ್ದೆ ಕೆಡಿಸಿದೆ ಎಂದು ನನ್ನ ಹತ್ತಿರ ಆಪ್ತಸಲಹೆಗೆ ಬರುವವರು ಈಚೆಗೆ ಜಾಸ್ತಿಯಾಗಿದ್ದಾರೆ. ಹಾಡುವವರು, ಬರೆಯುವವರು, ಫೋಟೊ ತೆಗೆಯುವವರು. ಅವರಲ್ಲಿ ಒಬ್ಬರ ವಿಷಯ ಇದು. ಗುರುತು ಸಿಗುವ ವಿವರ ಬದಲಿಸಿದ್ದೇನೆ.

ಮೈಸೂರಿನವರು. ವಯಸ್ಸು ಐವತ್ತು ದಾಟಿದೆ, ನೌಕರಿ ಬಿಟ್ಟಿದ್ದಾರೆ. ವಾರಕ್ಕೆರಡು ಸಂಜೆ ಕೆಆರ್‌ಎಸ್‌ಗೆ ಹೋಗಿ ಬೃಂದಾವನದ ದೀಪದ ಕಾರಂಜಿಗಳ ಫೋಟೊ ತೆಗೆಯುತ್ತಾರೆ. ಆಮೇಲೆ ರಾತ್ರಿ ಎರಡರವರೆಗೆ ಕಂಪ್ಯೂಟರ್ ಮುಂದೆ. ಕರೆತಂದವರು ಹೆಂಡತಿ. ನಿದ್ದೆಯ ತೊಂದರೆಗೆ ಮೊದಲು ಡಾಕ್ಟರ್ ಹತ್ತಿರ ಕಳಿಸಿದೆ. ಎರಡು ಭೇಟಿ ಹಾಗೇ ಕಳೆಯಿತು.

ಮೂರನೆಯ ಸಲ ಲ್ಯಾಪ್‌ಟಾಪ್ ತನ್ನಿ ಎಂದೆ.

ನೀರಿನ ಆಕಾರ, ಬಣ್ಣ ಮಾತ್ರ ಉಳಿಯುವ ಅಮೂರ್ತ ಚಿತ್ರ ಅವರ ಆಸೆ. ಆದರೆ ಪ್ರತಿ ಫೋಟೊದಲ್ಲೂ ನೀರು ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. ಕತ್ತಲಿರಬೇಕಾದ ಕಡೆ ಬೂದು. ಮೂಲೆಯಲ್ಲಿ ಕೊಳದ ಅಂಚು, ದೀಪದ ಕಂಬ, ಯಾರದೋ ತಲೆ. ನನಗೂ ಕ್ಯಾಮೆರಾ ಹುಚ್ಚು ಸ್ವಲ್ಪ ಇದೆ. ಮುಂದಿರುವುದೆಲ್ಲ ನಡುಬೂದು ಎಂದುಕೊಂಡೇ ಕ್ಯಾಮೆರಾ ಬೆಳಕು ಅಳೆಯುತ್ತದೆ. ಮುಕ್ಕಾಲು ಪಾಲು ಕತ್ತಲಿದ್ದರೆ ಅದನ್ನು ಬೆಳಗಿಸಲು ಹೋಗಿ ನೀರನ್ನು ಸುಟ್ಟುಬಿಡುತ್ತದೆ. ಎಕ್ಸ್‌ಪೋಷರ್, ಅಂದರೆ ಕ್ಯಾಮೆರಾ ಒಳಗೆ ಬಿಡುವ ಬೆಳಕು, ಇಳಿಸಬಹುದಿತ್ತಲ್ಲ ಎಂದೆ.

"ಗೊತ್ತು ಮೇಡಂ. ಮೊದಲು ಹಾಗೇ ತೆಗೀತಿದ್ದೆ. ಮನೆ ಗ್ರೂಪಲ್ಲಿ ಹಾಕಿದ್ರೆ ಅಣ್ಣ, 'ಏನೋ ಇದು, ಏನೂ ಕಾಣ್ತಿಲ್ಲ' ಅಂದ್ರು. ಇದು ಕಾರಂಜಿ ಅಂತ ಗೊತ್ತಾಗ್ಬೇಕಲ್ವಾ?"

"ಯಾರಿಗೆ?"

ತುಂಬಾ ಹೊತ್ತು ಮಾತಿಲ್ಲ. ಕೊನೆಗೆ "ಅಣ್ಣಂಗೆ" ಎಂದು ಮೆಲ್ಲಗೆ ಹೇಳಿ ಲ್ಯಾಪ್‌ಟಾಪ್ ಮುಚ್ಚಿದರು. ಅಪ್ಪನಿಲ್ಲದ ಮನೆ. ಶಾಲೆಯ ಅಂಕಪಟ್ಟಿಗೆ ಸಹಿ ಹಾಕುತ್ತಿದ್ದವರು ಆ ಅಣ್ಣನೇ.

ನಾನು ಕೊಟ್ಟ ಸಲಹೆಯೆಲ್ಲ ಫೋಟೊದ್ದೇ. ಎಕ್ಸ್‌ಪೋಷರ್ ಒಂದೂವರೆ ಸ್ಟಾಪ್ ಇಳಿಸಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ). ನೀಲಿ, ಕೆಂಪು ದೀಪಗಳಲ್ಲಿ ಒಂದೇ ಬಣ್ಣ ಮೊದಲು ಮಿತಿ ದಾಟುತ್ತದೆ, ಹಾಗಾಗಿ ಕೆಂಪು, ಹಸಿರು, ನೀಲಿ ಮೂರೂ ಬಣ್ಣದ ಹಿಸ್ಟೊಗ್ರಾಂ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ನೋಡಿ. ಹನಿ ಬೇಕಿದ್ದರೆ ಷಟರ್ (ಬೆಳಕು ಒಳಬಿಡುವ ಪರದೆ) ತೆರೆದಿರುವುದು 1/1000 ಸೆಕೆಂಡ್, ರೇಷ್ಮೆ ಎಳೆಯಂಥ ನೀರು ಬೇಕಿದ್ದರೆ ಕಟ್ಟೆಯ ಮೇಲೆ ಕ್ಯಾಮೆರಾ ಊರಿ ಅರ್ಧ ಸೆಕೆಂಡ್. ಅವರು ತೆಗೆಯುತ್ತಿದ್ದ 1/60ರಲ್ಲಿ ಎರಡೂ ಸರಿಯಾಗಿ ಸಿಗಲ್ಲ. ಝೂಮ್ ಮಾಡಿ, ಅಂಚು, ಕಂಬ ಹೊರಗಿಡಿ, ಕಪ್ಪಿಗೆ ಜಾಗ ಬಿಡಿ. ಒಂದು ಸಂಜೆಗೆ ನಲವತ್ತೇ ಫೋಟೊ. ಆರಿಸುವುದು ಮರುದಿನ ಬೆಳಿಗ್ಗೆ, ಮೂರು ಮಾತ್ರ. ನಾಲ್ಕು ವಾರ ಯಾವುದನ್ನೂ ಗ್ರೂಪಿಗೆ ಹಾಕಬಾರದು.

ಆಪ್ತಸಲಹೆ ಕೊಡುವವರಿಗೆ ಷಟರ್ ಪಾಠ ಯಾಕೆ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಸ್ವಲ್ಪ ಉರಿಯಿತು, ನಿಜ. ಆದರೆ 'ಅಣ್ಣನ ಮಾತು ತಲೆಗೆ ಹಚ್ಕೋಬೇಡಿ' ಎಂದರೆ ಯಾರ ಕೈಲಾಗುತ್ತದೆ? ನಲವತ್ತು ವರ್ಷದ ಅಭ್ಯಾಸ ಅದು. ಕ್ಯಾಮೆರಾದ ಗುಂಡಿ ತಿರುಗಿಸುವುದಾದರೆ ಇವತ್ತೇ ಆಗುತ್ತದೆ. 'ಫೋಟೊ ಬಿಟ್ಟುಬಿಡಿ' ಎನ್ನುವ ಸಲಹೆಯಂತೂ ನಾನು ಕೊಡಲಾರೆ. ಇಂಥವರಿಗೆ ಉಳಿದಿರುವ ಒಂದೇ ಖುಷಿ ಅದಾಗಿರಬಹುದು.

ಎರಡನೇ ವಾರವೇ ಅವರು ಒಂದನ್ನು ಗ್ರೂಪಿಗೆ ಹಾಕಿ, ಅಣ್ಣ ನೋಡುವ ಮೊದಲೇ ಅಳಿಸಿದ್ದರು.

ಐದನೇ ವಾರ ಮೂರು ಪ್ರಿಂಟ್ ತಂದರು. ಒಂದರಲ್ಲಿ ಕಪ್ಪಿನ ನಡುವೆ ನೀಲಿ ಗೆರೆಗಳು ಮಾತ್ರ. ಯಾವ ಕಡೆ ಮೇಲೆ ಎಂದು ನನಗೆ ತಿಳಿಯಲಿಲ್ಲ. ತಿರುಗಿಸಿ ತಿರುಗಿಸಿ ನೋಡಿದೆ. ಅವರು ಹೇಳಲಿಲ್ಲ, ಸುಮ್ನೆ ಕೂತಿದ್ದರು.